ಬೆರಳಿರುವಾಗ ಕಡ್ಡಿ ಯಾಕೆ?

ಮೊಬೈಲ್ ಅಂಗಡಿಗೆ ಹೋಗಿ "ಸ್ಟೈಲಸ್ ಇದೆಯಾ?" ಅಂತ ಕೇಳಿ ನೋಡಿ. ಹುಡುಗ ಮೊದಲು ನಿಮ್ಮ ಮುಖ ನೋಡ್ತಾನೆ. ಆಮೇಲೆ ಕವರು, ಚಾರ್ಜರು, ಇಯರ್‌ಫೋನುಗಳ ಹಿಂದೆ ಎಲ್ಲೋ ಕೈ ಹಾಕಿ, ಧೂಳು ಹಿಡಿದ ಒಂದು ಪ್ಯಾಕೆಟ್ಟು ಎಳೆದು ಮೇಜಿನ ಮೇಲೆ ಹಾಕ್ತಾನೆ. "ಡ್ರಾಯಿಂಗ್ ಮಾಡ್ತೀರಾ ಸಾರ್?" ಅಂತ ಒಂದು ಪ್ರಶ್ನೆ ಬೇರೆ. ನಾನು ಡ್ರಾಯಿಂಗ್ ಮಾಡುವವನಲ್ಲ. ಏಳನೇ ಕ್ಲಾಸಿನಲ್ಲಿ ನಾನು ಬರೆದ ಹಸುವನ್ನು ನಮ್ಮ ಮೇಷ್ಟ್ರು ನಾಯಿ ಅಂದುಕೊಂಡು ಪಾಸು ಮಾಡಿದ್ದರು. ನಾನು ಕೊಂಡದ್ದು ಅಮ್ಮನಿಗೆ. ಅದರ ಕಥೆ ಆಮೇಲೆ.

ಅದಕ್ಕೆ ಮೊದಲು ಒಂದು ತಪ್ಪೊಪ್ಪಿಗೆ. ಹತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಸ್ಟೈಲಸ್ ವಿರೋಧಿ ಬಣದಲ್ಲಿದ್ದವನು. ಯಾರಾದರೂ ಫೋನಿನ ಹೊಟ್ಟೆಯಿಂದ ಕಡ್ಡಿ ಎಳೆದರೆ "ಹಲ್ಲು ಚುಚ್ಚಿಕೊಳ್ಳೋಕಾ?" ಅಂತ ಕಿಚಾಯಿಸಿದ್ದೇನೆ. ಈ ಅಭಿಪ್ರಾಯ ನನ್ನ ಸ್ವಂತದ್ದೂ ಅಲ್ಲ, ಸ್ಟೀವ್ ಜಾಬ್ಸ್‌ರಿಂದ ಸಾಲ ತಂದದ್ದು. 2007ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೊದಲ ಐಫೋನ್ ತೋರಿಸುತ್ತಾ ಅವರು ಸ್ಟೈಲಸ್ಸನ್ನು ವೇದಿಕೆಯ ಮೇಲೇ ಗೇಲಿ ಮಾಡಿದರು. ತೆಗೆಯಬೇಕು, ಮತ್ತೆ ಇಡಬೇಕು, ಕೊನೆಗೆ ಕಳೆದುಕೊಳ್ಳಬೇಕು, ಹುಟ್ಟುವಾಗಲೇ ಹತ್ತು ಬೆರಳು ಬಂದಿರುವಾಗ ಇದೆಲ್ಲ ಯಾರಿಗೆ ಬೇಕು ಅನ್ನುವುದು ಅವರ ವಾದ. ಜನ ನಕ್ಕರು. ನಾನೂ ಆ ವಿಡಿಯೋ ನೋಡಿ ನಕ್ಕೆ.

ಈಗ ಅನಿಸೋದು ಏನೆಂದರೆ, ಜಾಬ್ಸ್ ಅವತ್ತು ಬೈದದ್ದು ಕಡ್ಡಿಯನ್ನಲ್ಲ, ಆ ಕಾಲದ ಪರದೆಯನ್ನು. 2007ಕ್ಕೆ ಹಿಂದಿನ ಬಹುಪಾಲು ಟಚ್ ಸ್ಕ್ರೀನುಗಳು ಒತ್ತಡದಿಂದ ಕೆಲಸ ಮಾಡುವಂಥವು. ಒಂದರ ಮೇಲೊಂದು ಎರಡು ತೆಳು ಪದರ, ನಡುವೆ ಕೂದಲೆಳೆಯಷ್ಟು ಜಾಗ. ಮೇಲಿನದನ್ನು ಒತ್ತಿದರೆ ಅದು ಬಾಗಿ ಕೆಳಗಿನದಕ್ಕೆ ತಾಗುತ್ತೆ, ಎಲ್ಲಿ ತಾಗಿತು ಅನ್ನೋದನ್ನು ಫೋನು ಲೆಕ್ಕ ಹಾಕುತ್ತೆ. ಉಗುರು, ಪೆನ್ನಿನ ಮುಚ್ಚಳ, ಕಿವಿಯ ಓಲೆಯ ತಿರುಪು, ಏನು ಬೇಕಾದರೂ ನಡೆಯುತ್ತಿತ್ತು. ಆದರೆ ಮೆತ್ತನೆ ಬೆರಳಿಗೆ ಮಾತ್ರ ಅದು ಸರಿಯಾಗಿ ಬಗ್ಗುತ್ತಿರಲಿಲ್ಲ. ಹಾಗಾಗಿ ಕಡ್ಡಿ ಅನಿವಾರ್ಯ. ನೋಕಿಯಾ 5800 ಇಟ್ಟುಕೊಂಡಿದ್ದವರಿಗೆ, ಅಥವಾ ರೇಡಿಯೋ ಏರಿಯಲ್‌ನಂತೆ ಎಳೆದು ಉದ್ದ ಮಾಡುವ ಕಡ್ಡಿಯ ಚೈನಾ ಸೆಟ್ಟು ಇಟ್ಟುಕೊಂಡಿದ್ದವರಿಗೆ ಇದು ನೆನಪಿರುತ್ತೆ. ಕಡ್ಡಿ ಕಳೆದರೆ ಫೋನು ಅರ್ಧ ಸತ್ತ ಹಾಗೆ.

ಐಫೋನಿನದು ಬೇರೆ ಬಗೆಯ ಪರದೆ. ಗಾಜಿನ ಕೆಳಗೆ ಕಣ್ಣಿಗೆ ಕಾಣದ ವಿದ್ಯುತ್ ಜಾಲ. ನಮ್ಮ ಮೈ ವಿದ್ಯುತ್ ಹರಿಯಬಲ್ಲ ವಸ್ತು, ಅದರಲ್ಲಿ ನೀರಿದೆ, ಉಪ್ಪಿದೆ. ಬೆರಳು ಹತ್ತಿರ ಬಂದಾಗ ಜಾಲದ ಆ ಜಾಗದಲ್ಲಿ ಆಗುವ ಸಣ್ಣ ಏರುಪೇರನ್ನು ಫೋನು ಹಿಡಿಯುತ್ತೆ. ಒತ್ತಬೇಕಾಗಿಲ್ಲ, ಸವರಿದರೆ ಸಾಕು. ಕಡ್ಡಿಯ ಅಗತ್ಯವೇ ಬಿದ್ದುಹೋಯಿತು. ಅಷ್ಟೇ ಅಲ್ಲ, ಹಳೇ ಪ್ಲಾಸ್ಟಿಕ್ ಕಡ್ಡಿಯಲ್ಲಿ ಎಷ್ಟು ಚುಚ್ಚಿದರೂ ಈ ಗಾಜು ಕಣ್ಣೇ ತೆರೆಯಲ್ಲ. 2010ರ ಚಳಿಗಾಲದಲ್ಲಿ ದಕ್ಷಿಣ ಕೊರಿಯಾದ ಜನ ಕೈಗವಸು ಬಿಚ್ಚಲು ಬೇಜಾರಾಗಿ, ಪ್ಯಾಕೆಟ್ಟಿನಲ್ಲಿ ಬರುವ ಸಣ್ಣ ಸಾಸೇಜುಗಳಿಂದ ಐಫೋನ್ ಒತ್ತುತ್ತಿದ್ದ ಸುದ್ದಿ ಬಂದಿತ್ತು. ಮಾಂಸಕ್ಕೆ ಸಿಕ್ಕ ಗೌರವ ಪ್ಲಾಸ್ಟಿಕ್ಕಿಗೆ ಸಿಗಲಿಲ್ಲ.

ಕಡ್ಡಿಯ ಮರ್ಯಾದೆ ಹೋಗೋಕೆ ಇನ್ನೊಂದು ಕಾರಣ ಕೈಬರಹ. 1993ರಲ್ಲಿ ಬಂದ ಆಪಲ್‌ನ ನ್ಯೂಟನ್, ಬರೆದದ್ದನ್ನು ಓದುತ್ತೇನೆ ಅಂತ ಹೇಳಿಕೊಂಡು ಏನೇನೋ ಓದಿ ಅಮೆರಿಕದ ಪತ್ರಿಕೆಗಳ ಕಾಮಿಕ್ ಪಟ್ಟಿಯಲ್ಲೂ ನಗೆಪಾಟಲಾಯಿತು. 1996ರ ಪಾಮ್ ಪೈಲಟ್ ಜಾಣತನ ಮಾಡಿತು. ನಿಮ್ಮ ಅಕ್ಷರ ನನಗೆ ಅರ್ಥವಾಗಲ್ಲ, ನೀವೇ ನನ್ನ ಅಕ್ಷರ ಕಲಿಯಿರಿ ಅಂತ ಗ್ರಾಫಿಟಿ ಅನ್ನುವ ಹೊಸ ಬರವಣಿಗೆಯನ್ನೇ ಕೊಟ್ಟಿತು. ಹೆಚ್ಚುಕಡಿಮೆ ಒಂದು ಅಕ್ಷರಕ್ಕೆ ಒಂದೇ ಗೆರೆ. ಇಂಗ್ಲಿಷಿನವರು ಕಲಿತರು ಕೂಡ. ನಮ್ಮ ಒತ್ತಕ್ಷರಗಳಿಗೆ ಅಂಥ ಶಿಸ್ತು ಹೇರಿದ್ದರೆ ಏನಾಗುತ್ತಿತ್ತೋ!

ಹೀಗೆ ಸತ್ತ ಕಡ್ಡಿಗೆ ಮತ್ತೆ ಜೀವ ಕೊಟ್ಟದ್ದು 2011ರ ಗ್ಯಾಲಕ್ಸಿ ನೋಟ್. 5.3 ಇಂಚಿನ ಪರದೆ. ಆಗ ಅದನ್ನು ಕಿವಿಗೆ ಹಿಡಿದವರನ್ನು ಹಂಚು ಹಿಡಿದವರ ಹಾಗೆ ನೋಡುತ್ತಿದ್ದರು, ಈಗ ಅದು ಸಣ್ಣ ಫೋನು. ಅದರ ಪೆನ್ನಿನ ಒಳಗಿನ ವಿದ್ಯೆ ಮಾತ್ರ ನಿಜಕ್ಕೂ ಚೆಂದ. ಪರದೆಯ ಅಡಿಯಲ್ಲಿ ಇನ್ನೊಂದು ಪದರ, ಅದು ಕಾಂತಕ್ಷೇತ್ರ ಹುಟ್ಟಿಸುತ್ತೆ. ಪೆನ್ನಿನ ಒಳಗೆ ಸಣ್ಣ ತಂತಿ ಸುರುಳಿ. ಅದು ಆ ಕ್ಷೇತ್ರದಿಂದಲೇ ಶಕ್ತಿ ಪಡೆದು ಉತ್ತರ ಕೊಡುತ್ತೆ. ಬರೆಯೋದಕ್ಕೆ ಬ್ಯಾಟರಿ ಬೇಡ. ತುದಿ ಗಾಜಿಗೆ ತಾಗುವ ಮೊದಲೇ ಎಲ್ಲಿದೆ ಅಂತ ಗೊತ್ತಾಗುತ್ತೆ, ಎಷ್ಟು ಒತ್ತಿದಿರಿ ಅನ್ನೋದೂ ಗೊತ್ತಾಗುತ್ತೆ. ಪೆನ್ನು ಯಾವುದು, ಅಂಗೈ ಯಾವುದು ಅನ್ನುವ ಗೊಂದಲವೂ ಇಲ್ಲ.

ನಮ್ಮ ಭಾವನ ಹತ್ತಿರ ಅಂಥದ್ದೊಂದು ದೊಡ್ಡ ಫೋನಿದೆ. ಎರಡು ವಾರ ಸಾಲ ತಂದು ಬಳಸಿದೆ. ಬರೆಯೋದಕ್ಕೆ ಅಂತಲೇ ತಂದದ್ದು, ಆದರೆ ಬರೆಯೋದರಲ್ಲೇ ಸೋತೆ. ಪುಸ್ತಕದಲ್ಲಿ ಬರೆಯುವಾಗ ಅಂಗೈ ಹಾಳೆಯ ಮೇಲೆ ಕೂತಿರುತ್ತೆ. ಫೋನಿನಲ್ಲಿ ಅಂಗೈಗೆ ಜಾಗವೇ ಇಲ್ಲ. ಪರದೆಯ ಕೆಳತುದಿಗೆ ಬಂದ ಕೂಡಲೇ ಕೈ ಬಂಡೆಯಿಂದ ಜಾರಿದ ಹಾಗೆ ಕೆಳಗೆ ಬೀಳುತ್ತೆ. ಬಸ್ಸಿನಲ್ಲಿ ನಿಂತರೆ ಇನ್ನೂ ಫಜೀತಿ. ಒಂದು ಕೈಗೆ ಫೋನು, ಒಂದಕ್ಕೆ ಪೆನ್ನು, ಕಂಬಿ ಹಿಡಿಯೋಕೆ ಮೂರನೇ ಕೈ ಬೇಕು. ಇಲ್ಲಿ ಜಾಬ್ಸ್ ಹೇಳಿದ್ದೇ ಸರಿ. ಆಪಲ್ ಕೂಡ 2015ರಲ್ಲಿ ಪೆನ್ಸಿಲ್ ತಂದಾಗ ಅದನ್ನು ದೊಡ್ಡ ಐಪ್ಯಾಡಿಗೆ ಕೊಟ್ಟಿತೇ ಹೊರತು ಐಫೋನಿಗೆ ಕೊಡಲಿಲ್ಲ.

ನನಗೆ ಉಪಯೋಗಕ್ಕೆ ಬಂದದ್ದು ಬೇರೆಯೇ ಕಡೆ. ಬೆರಳಿನ ದೊಡ್ಡ ದೋಷ ಏನೆಂದರೆ, ಅದು ತಾನು ಮುಟ್ಟುವ ಜಾಗವನ್ನು ತಾನೇ ಮುಚ್ಚುತ್ತೆ. ಕನ್ನಡದಲ್ಲಿ ಒಂದು ಉದ್ದ ಮೆಸೇಜು ತಿದ್ದಿ ನೋಡಿ. ಸಾಲಿನ ನಡುವೆ ಒಂದು ಕಾಗುಣಿತ ತಪ್ಪಾಗಿದೆ. ಬೆರಳಿಟ್ಟರೆ ಕರ್ಸರು ಒಂದು ಸಲ ಹಿಂದೆ, ಒಂದು ಸಲ ಮುಂದೆ. ಪೆನ್ನಿನ ತುದಿಯಲ್ಲಿ ಅದು ಒಂದೇ ಏಟಿಗೆ ಸಿಗುತ್ತೆ. ಹಾಗಂತ ಪೂರ್ತಿ ಪವಾಡ ಆಗಲ್ಲ. 'ಸ್ತ್ರೀ' ಅನ್ನೋದು ನಮ್ಮ ಕಣ್ಣಿಗೆ ಒಂದಕ್ಷರ, ಫೋನಿಗೆ ಆರು ಸಂಕೇತಗಳ ಸಾಲು. ಎಷ್ಟು ಚೂಪಾದ ಪೆನ್ನು ತಂದರೂ ಅದರ ಒಳಗೆ ಕರ್ಸರು ಇಡೋಕಾಗಲ್ಲ, ಹಿಂದಿನಿಂದ ಅಳಿಸುತ್ತಲೇ ಬರಬೇಕು. ಆದರೂ ಪಿಡಿಎಫ್ ಮೇಲೆ ಗೆರೆ ಹಾಕೋದು, ಫಾರಮ್ಮಿಗೆ ಸಹಿ ಮಾಡೋದು, ಒಂದು ಪ್ಯಾರಾ ಆರಿಸಿ ಎತ್ತೋದು, ಇವಕ್ಕೆಲ್ಲ ಪೆನ್ನು ಬೆರಳಿಗಿಂತ ಮೇಲು. 2018ರ ನೋಟ್ 9ರ ಪೆನ್ನಿಗೆ ಬ್ಲೂಟೂತ್ ಹಾಕಿ, ದೂರದಿಂದ ಫೋಟೋ ತೆಗೆಯುವ ಮಂತ್ರದಂಡ ಮಾಡಿದ್ದರು. 2025ರ ಎಸ್25 ಅಲ್ಟ್ರಾದಲ್ಲಿ ಅದನ್ನು ಕಿತ್ತುಹಾಕಿದಾಗ ಕೆಲವರು ಗಲಾಟೆ ಮಾಡಿದರು. ನನಗೇನೂ ದುಃಖವಾಗಲಿಲ್ಲ. ಪೆನ್ನು ಪೆನ್ನಾಗಿದ್ದರೆ ಸಾಕು.

ಆದರೆ ಇದಕ್ಕೋಸ್ಕರ ಲಕ್ಷ ರೂಪಾಯಿ ಹತ್ತಿರದ ಫೋನು ಬೇಕಾ? ಬೇಡ. ಎರಡು ವಾರದ ಕೊನೆಗೆ ಭಾವನಿಗೆ ಫೋನು ವಾಪಸ್ ಕೊಟ್ಟೆ. ಮತ್ತೆ ಕೇಳಬೇಕು ಅಂತ ಅನಿಸಲೂ ಇಲ್ಲ.

ಈಗ ಅಮ್ಮನ ವಿಷಯ.

ಅಮ್ಮ ಇರೋದು ಸಾಗರದ ಹತ್ತಿರದ ಹಳ್ಳಿಯಲ್ಲಿ. ನನಗೆ ಬುದ್ಧಿ ಬಂದಾಗಿನಿಂದ ಸುಗ್ಗಿಯ ದಿನಗಳಲ್ಲಿ ಅವಳು ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿದವಳು. ಬೆರಳ ತುದಿಗಳು ಕಪ್ಪಾಗಿ, ದಪ್ಪವಾಗಿ, ಬೇಸಿಗೆಯ ಗದ್ದೆಯ ಹಾಗೆ ಬಿರುಕು ಬಿಟ್ಟಿವೆ. ಬೆರಳಚ್ಚಿನ ಯಂತ್ರಗಳಿಗೆ ಅವಳ ಗುರುತು ಸಿಗೋದು ಅಪರೂಪ. ಎರಡು ವರ್ಷದ ಹಿಂದೆ ಒಂದು ಟಚ್ ಫೋನ್ ಕೊಡಿಸಿದೆ. ಒಂದು ತಿಂಗಳು ಬಿಟ್ಟು ಊರಿಗೆ ಹೋದರೆ ಅದು ಕಪಾಟಿನ ಮೇಲೆ ಕೂತಿತ್ತು.

"ಇದಕ್ಕೆ ನಾನು ಮುಟ್ಟಿದ್ದೇ ಗೊತ್ತಾಗಲ್ಲ ಕಣೋ," ಅಂದಳು. "ನಿಮ್ಮಂಥ ಮೆತ್ತನೆ ಕೈಯವರಿಗೆ ಮಾಡಿದ್ದು ಇದು."

ನಾನು ಎಲ್ಲ ಪಟ್ಟಣದ ಮಕ್ಕಳ ಹಾಗೆ, ನಿನಗೆ ಅಭ್ಯಾಸ ಇಲ್ಲ, ಮೆಲ್ಲಗೆ ಮುಟ್ಟು, ಅಂತ ಪಾಠ ಮಾಡಿದೆ. ಅವಳು ಹೇಳಿದ್ದೇ ಅಕ್ಷರಶಃ ನಿಜ ಅಂತ ಗೊತ್ತಾಗಲು ಸಮಯ ಹಿಡಿಯಿತು. ಒಣಗಿ ದಪ್ಪಗಟ್ಟಿದ ಸತ್ತ ಚರ್ಮ ಗಾಜಿನ ಮತ್ತು ಮೈಯ ನಡುವೆ ರಬ್ಬರ್ ಹಾಳೆಯ ಹಾಗೆ ನಿಲ್ಲುತ್ತೆ. ಜಾಲಕ್ಕೆ ಸಿಗುವ ಸಂಜ್ಞೆ ಕ್ಷೀಣ. ಅಮ್ಮ ಇನ್ನೂ ಜೋರಾಗಿ ಒತ್ತುತ್ತಾಳೆ, ಹೊತ್ತು ಹಿಡಿದು ಒತ್ತುತ್ತಾಳೆ, ಆಗ ಬೇರೇನೋ ಮೆನು ತೆರೆದುಕೊಳ್ಳುತ್ತೆ. ಬೆರಳು ಒದ್ದೆ ಮಾಡಿಕೊಂಡರೆ ಒಂದೆರಡು ಸಲ ಸರಿ, ನೀರ ಹನಿ ಗಾಜಿಗೆ ಬಿತ್ತೋ, ಫೋನಿಗೆ ಭೂತ ಹಿಡಿದ ಹಾಗೆ ತಾನೇ ಎಲ್ಲೆಲ್ಲೋ ಒತ್ತಿಕೊಳ್ಳುತ್ತೆ. ಒಂದು ಸಲ 150 ರೂಪಾಯಿ ಕೊಡಲು ಹೋಗಿ ಸೊನ್ನೆ ಎರಡು ಬಿದ್ದು 1500 ಹೋಗಿತ್ತು. ಅಂಗಡಿಯವರು ಒಳ್ಳೆಯವರು, ವಾಪಸ್ ಕೊಟ್ಟರು.

ಆಮೇಲೆ ಅವಳು ಕಂಡುಕೊಂಡ ದಾರಿ ನೋಡಿ ನನಗೆ ಎದೆ ಧಸಕ್ ಅಂತು. ಅಂಗಡಿಯಲ್ಲಿ ಫೋನನ್ನೇ ಅಲ್ಲಿನ ಹುಡುಗನ ಕೈಗೆ ಕೊಟ್ಟು, ಪಿನ್ನನ್ನು ಬಾಯಲ್ಲೇ ಹೇಳುತ್ತಿದ್ದಳು. ಪಕ್ಕದಲ್ಲಿ ಸಕ್ಕರೆ ತಗೊಳ್ಳೋಕೆ ನಿಂತವರಿಗೂ ಕೇಳುವ ಹಾಗೆ. ಹುಡುಗ ಒಳ್ಳೆಯವನೇ, ಪ್ರಶ್ನೆ ಅದಲ್ಲ. "ಮತ್ತೇನು ಮಾಡ್ಲಿ? ಅವನ ಬೆರಳು ನಡೀತದೆ, ನನ್ನದು ನಡೆಯಲ್ಲ," ಅಂದಳು. ಸ್ವಂತ ದುಡ್ಡು ಕೊಡಲು ಬೇರೆಯವರ ಬೆರಳು ಬೇಕು! ಸಾವಿರ ರಿವ್ಯೂಗಳಲ್ಲಿ ಸ್ಟೈಲಸ್ ಬಗ್ಗೆ ಓದಿದ್ದೇನೆ, ಚಿತ್ರ ಬರೆಯಬಹುದಾ, ನೋಟ್ಸ್ ಮಾಡಬಹುದಾ ಅನ್ನೋದು ಬಿಟ್ಟು ಇನ್ನೊಂದು ಮಾತಿಲ್ಲ. ಬೆರಳೇ ಸೋತವರ ಪ್ರಶ್ನೆಯನ್ನು ಯಾರೂ ಎತ್ತಿದ್ದು ಕಾಣೆ. ಹತ್ತು ಬೆರಳು ಎಲ್ಲರಿಗೂ ಒಂದೇ ಥರ ಬಂದಿರುತ್ತವೆ ಅನ್ನೋದು ಆ ವೇದಿಕೆಯ ನಂಬಿಕೆ, ಹತ್ತು ವರ್ಷ ನನ್ನ ನಂಬಿಕೆಯೂ ಅದೇ.

ಮೊದಲು ದುಡ್ಡು ಬೇಡದ ಉಪಾಯಗಳನ್ನು ಮಾಡಿದೆ. ಅಂಗಡಿಯವನು ಅಂಟಿಸಿದ್ದ ದಪ್ಪ ಸ್ಕ್ರೀನ್ ಗಾರ್ಡ್ ಕಿತ್ತು ತೆಳುವಾದದ್ದು ಹಾಕಿಸಿದೆ. ಸೆಟ್ಟಿಂಗ್ಸಿನಲ್ಲಿ ಸ್ಪರ್ಶದ ಸೂಕ್ಷ್ಮತೆ ಹೆಚ್ಚಿಸುವ ಒಂದು ಗುಂಡಿ ಇತ್ತು, ಅದನ್ನು ಆನ್ ಮಾಡಿದೆ. ಎಲ್ಲ ಫೋನಿನಲ್ಲೂ ಇರಲ್ಲ, ಇದ್ದರೆ ದಯವಿಟ್ಟು ನಿಮ್ಮ ಮನೆಯ ಹಿರಿಯರ ಫೋನಿನಲ್ಲಿ ಇವತ್ತೇ ಹಾಕಿ. ಅರ್ಧ ಸಮಸ್ಯೆ ಹೋಯಿತು. ಉಳಿದರ್ಧಕ್ಕೆ ಕಡ್ಡಿ ಹುಡುಕಿ ಹೊರಟೆ.

ಈ ಅಗ್ಗದ ಕಡ್ಡಿಗಳಲ್ಲಿ ವಿದ್ಯುತ್ತೂ ಇಲ್ಲ, ಜಾಣತನವೂ ಇಲ್ಲ. ನಮ್ಮ ಕೈಯನ್ನೇ ಪರದೆವರೆಗೆ ಉದ್ದ ಮಾಡುವ ಲೋಹದ ಕೊಳವೆ ಅಷ್ಟೇ. ಬೆರಳ ತುದಿ ಒಣಗಿದ್ದರೂ ಇಡೀ ಮುಷ್ಟಿ ಅದನ್ನು ಹಿಡಿದಿರುವುದರಿಂದ ಸಂಜ್ಞೆ ದಾಟುತ್ತೆ. ತುದಿ ದಪ್ಪಗಿರೋದು ಯಾಕೆ ಅಂತ ಬಹಳ ಜನ ಬೈತಾರೆ. ಫೋನು ಬೆರಳಿನಗಲದ ಸ್ಪರ್ಶಕ್ಕೇ ಹೊಂದಿಸಿದ್ದು, ತೀರ ಸಣ್ಣ ಚುಕ್ಕೆಯನ್ನು ಲೆಕ್ಕಕ್ಕೆ ತಗೊಳ್ಳಲ್ಲ. ಅದಕ್ಕೇ ಅದು ಪೆನ್ನಿನ ಹಾಗಿರದೆ ಪೆನ್ನಿನ ಹಿಂದಿನ ರಬ್ಬರ್ ಹಾಗಿರುತ್ತೆ. ಚೂಪು ತುದಿಗೆ ಪಾರದರ್ಶಕ ಬಿಲ್ಲೆ ಸಿಕ್ಕಿಸಿದ ಇನ್ನೊಂದು ಜಾತಿಯೂ ಇದೆ. ನಾನು ತಂದದ್ದರ ಬಿಲ್ಲೆ ಮೂರನೇ ದಿನ ಕಳಚಿ ಅಡಿಕೆ ಸಿಪ್ಪೆಯ ರಾಶಿಯಲ್ಲಿ ಸೇರಿಹೋಯಿತು. ಕೊನೆಗೆ ಗೆದ್ದದ್ದು 150 ರೂಪಾಯಿಯ, ಬಲೆ ಬಟ್ಟೆಯ ತುದಿಯದ್ದು. ರಬ್ಬರಿನಂತೆ ಗಾಜಿಗೆ ಅಂಟಿ ಎಳೆಯಲ್ಲ, ಜಾರುತ್ತೆ.

ಅಮ್ಮ ಅದನ್ನು ಹಿಡಿದು ನೋಡಿ, "ಬಳಪ ಇದ್ದ ಹಾಗಿದೆ," ಅಂದಳು. ಆ ಮಾತಿಗೇ ಇರಬೇಕು, ಫೋನಿನ ಕೀಲಿಮಣೆಯಲ್ಲಿ ಕನ್ನಡ ಕೈಬರಹ ಹಾಕಿಕೊಟ್ಟೆ. ಅಮ್ಮ ಏಳನೇ ಕ್ಲಾಸ್ ಓದಿದವಳು, ಅಕ್ಷರ ದುಂಡು. ಹಿಂದೆ ತಾಳೆಗರಿಯ ಮೇಲೆ ಕಂಟದಲ್ಲಿ ಕೊರೆಯುವಾಗ ಗರಿ ಸೀಳದಿರಲಿ ಅಂತಲೇ ನಮ್ಮ ಅಕ್ಷರಗಳು ದುಂಡಾದವು ಅಂತ ಹೇಳ್ತಾರೆ. ಆ ಲೆಕ್ಕದಲ್ಲಿ ಕಡ್ಡಿ ಕನ್ನಡಕ್ಕೆ ಹೊಸಬನೇನಲ್ಲ. 'ಊಟ ಆಯ್ತಾ' ಅಂತ ಅವಳು ಬರೆದದ್ದು ನನ್ನ ಫೋನಿಗೆ ಬಂದಾಗ ನಾನು ಜಗಲಿಯಲ್ಲೇ ಕೂತಿದ್ದೆ.

ಆದರೆ ಅದು ಬಾಳಲಿಲ್ಲ. ಬರೆಯುವ ಚೌಕ ಎರಡು ಬೆರಳಿನಗಲ. ಅಮ್ಮ ಒತ್ತು ಕೊಡೋದು ಧಾರಾಳವಾಗಿ, ಅದು ಚೌಕದಿಂದ ಹೊರಗೆ ಹೋಗುತ್ತೆ. ಅರ್ಕಾವೊತ್ತು ಹಾಕಿದರೆ ಎಷ್ಟೋ ಸಲ ಕನ್ನಡದ ಒಂಬತ್ತು ಅಂತ ಓದಿಕೊಳ್ಳುತ್ತಿತ್ತು. 'ಸೂರ್ಯ' ಅಂತ ಬರೆಯಲು ನಾಲ್ಕು ಸಲ ಒದ್ದಾಡಿ, ಪಕ್ಕದ ಮೈಕು ಒತ್ತಿ ಮಾತಾಡಿ ಕಳಿಸಿದಳು. ಈಗ ಬರೋದು ಎಲ್ಲ ವಾಯ್ಸ್ ಮೆಸೇಜೇ, ಹಿಂದೆ ದನ ಕೂಗೋದು ಸಮೇತ. ನನಗೆ ಸ್ವಲ್ಪ ನಿರಾಸೆಯಾದದ್ದು ನಿಜ. ಅವಳಿಗೇನೂ ಆಗಲಿಲ್ಲ.

ಕಡ್ಡಿಯನ್ನು ಮಾತ್ರ ಬಿಟ್ಟಿಲ್ಲ. ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡು ಅಂಗಡಿಗೆ ಹೋಗ್ತಾಳೆ. ಫೋನನ್ನು ಕೌಂಟರಿನ ಮೇಲಿಟ್ಟು, ಹುಡುಗನಿಗೆ "ಆ ಕಡೆ ನೋಡೋ" ಅಂದು, ಒಂದೊಂದೇ ಅಂಕಿ ಕುಟ್ಟುತ್ತಾಳಂತೆ. ಹೋದ ವಾರ ಫೋನ್ ಮಾಡಿದಾಗ ತುದಿಯ ಬಟ್ಟೆ ಹರಿದಿದೆ ಅಂದಳು. ಬರುವಾಗ ಮೂರು ತಗೊಂಡು ಬಾ, ಒಂದು ಪಕ್ಕದ ಮನೆಯವರಿಗೆ, ಇನ್ನೊಂದು ಅಡಿಕೆ ಸುಲಿಯೋಕೆ ಬರುವ ಅಕ್ಕನಿಗೆ, ಅವರ ಬೆರಳೂ ನಡೆಯಲ್ಲವಂತೆ.