ರಕ್ಷಣೆ ಯಾರಿಂದ, ಯಾರಿಗೆ?
– ವಿಲ್ ಕಿಮ್ಲಿಕಾ ಅವರ ಗ್ರಂಥವನ್ನು ಕುರಿತು

ಕೆನಡಾ ದೇಶದ ತತ್ತ್ವಚಿಂತಕ ವಿಲ್ ಕಿಮ್ಲಿಕಾ ಅವರ ‘ಮಲ್ಟಿಕಲ್ಚರಲ್ ಸಿಟಿಜನ್‌ಶಿಪ್’ 1995ರಲ್ಲಿ ಪ್ರಕಟವಾಯಿತು. ಹಲವು ಸಂಸ್ಕೃತಿಗಳ ಸಮಾಜದಲ್ಲಿ ಪೌರತ್ವದ ಸ್ವರೂಪವೇನೆಂಬ ಚರ್ಚೆ ಇಂದಿಗೂ ಈ ಗ್ರಂಥವನ್ನು ಬಿಟ್ಟು ಸಾಗುವುದಿಲ್ಲ. 2014ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಜೈನರನ್ನು ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಸಮುದಾಯವೆಂದು ಘೋಷಿಸಿದ ಮೇಲಂತೂ ನಮ್ಮ ಬಸದಿಗಳ ಆಡಳಿತ ಹೊತ್ತವರು ಇದನ್ನು ಓದಬೇಕಾಗಿದೆ; ಒಪ್ಪುವುದಕ್ಕಾಗಿ ಮಾತ್ರವಲ್ಲ.

ಗ್ರಂಥದ ಹಿನ್ನೆಲೆ ಕೆನಡಾ. ಅಲ್ಲಿನ ಪ್ರಧಾನಿ ಪಿಯರ್ ಟ್ರೂಡೊ 1971ರಲ್ಲಿ ಬಹುಸಂಸ್ಕೃತಿ ನೀತಿಯನ್ನು ಪ್ರಕಟಿಸಿದರು. 1988ರಲ್ಲಿ ಅದು ಕಾಯಿದೆಯಾಯಿತು. ಕಿಮ್ಲಿಕಾ ಅವರು ಅಲ್ಪಸಂಖ್ಯಾತರನ್ನು ಮುಖ್ಯವಾಗಿ ಎರಡು ಬಗೆಯಾಗಿ ವಿಂಗಡಿಸುತ್ತಾರೆ. ಕ್ವಿಬೆಕ್‌ನ ಫ್ರೆಂಚ್ ಭಾಷಿಕರು ಮತ್ತು ಮೂಲನಿವಾಸಿಗಳು ಸ್ವಂತ ನೆಲ, ನುಡಿಗಳುಳ್ಳವರು. ಅವರಿಗೆ ಸ್ವಯಮಾಡಳಿತದ ಹಕ್ಕು. ವಲಸೆ ಬಂದವರಿಗೆ ತಮ್ಮ ಆಚಾರವನ್ನು ಬಿಡದೆ ಬಾಳಲು ಬೇಕಾದ ವಿನಾಯಿತಿ. ಅಲ್ಲಿನ ಪೊಲೀಸ್ ದಳದ ಸಿಖ್ಖರು ಪೇಟ ಧರಿಸಬಹುದೆಂಬುದು ಅದಕ್ಕೆ ನಿದರ್ಶನ.

ಈ ವಿಂಗಡಣೆಯಲ್ಲಿ ಜೈನರಿಗೆ ಸ್ಥಾನವೆಲ್ಲಿ? ನಾವು ಈ ದೇಶಕ್ಕೆ ವಲಸೆ ಬಂದವರಲ್ಲ. ನಮ್ಮದೇ ಎನ್ನುವ ಒಂದು ನೆಲವಾಗಲಿ ಒಂದು ನುಡಿಯಾಗಲಿ ನಮಗಿಲ್ಲ. ಹಾಸನದ ಜೈನನು ಕನ್ನಡಿಗ, ವಂದವಾಸಿಯವನು ತಮಿಳ, ಕೊಲ್ಲಾಪುರದವನು ಮರಾಠಿಗ. ಪಂಪ, ರನ್ನರ ಕಾವ್ಯವನ್ನು ಅಲ್ಪಸಂಖ್ಯಾತರ ಸ್ವತ್ತೆಂದು ಯಾರು ತಾನೆ ಹೇಳಿಯಾರು? ನೆರೆಯವರೊಡನೆ ಹಂಚಿಕೊಂಡ ಸಂಸ್ಕೃತಿಯೊಳಗೇ ಬೇರೆಯಾಗಿ ನಿಂತ ಧರ್ಮ ನಮ್ಮದು. ವ್ಯಾಪಾರಿಯ ಮಾತಿನಲ್ಲಿ ಹೇಳುವುದಾದರೆ, ಮೊಬಲಗು ಇದೆ, ಬರೆದುಕೊಳ್ಳಲು ಖಾತೆಯಿಲ್ಲ.

ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿರುವ 1368ರ ಶಾಸನ ಈ ಕೊರತೆಯನ್ನು ಎತ್ತಿ ತೋರಿಸುತ್ತದೆ. ಶ್ರೀವೈಷ್ಣವರಿಂದ ತಮಗೆ ಅನ್ಯಾಯವಾಗಿದೆಯೆಂದು ಜೈನರು ಬುಕ್ಕರಾಯನಲ್ಲಿ ಬಿನ್ನವಿಸಿಕೊಂಡಾಗ, ಅರಸನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು ಎರಡು ದರ್ಶನಗಳಿಗೂ ಭೇದವಿಲ್ಲವೆಂದು ವಿಧಿಸಿದನು. ಏರ್ಪಾಟನ್ನು ಗಮನಿಸಿ: ಪ್ರತಿಯೊಂದು ಜೈನ ಮನೆಯಿಂದ ವರ್ಷಕ್ಕೆ ಒಂದು ಹಣ, ಅದರಿಂದ ಬೆಳಗೊಳದ ದೇವರಿಗೆ 20 ಕಾವಲಾಳುಗಳನ್ನು ನೇಮಿಸುವವರು ತಿರುಮಲೆಯ ತಾತಯ್ಯನವರು, ಉಳಿದ ಹಣದಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ. ಹಣ ನಮ್ಮದು, ಹೊಣೆ ನೆರೆಯವರದು. ಕಿಮ್ಲಿಕಾ ಅವರು ರಾಜ್ಯ ಮತ್ತು ಸಮುದಾಯಗಳ ನಡುವಣ ಹಕ್ಕನ್ನು ಸೊಗಸಾಗಿ ತೂಗುತ್ತಾರೆ. ನೆರೆಯವರ ಹೊಣೆ ಅವರ ತಕ್ಕಡಿಗೆ ಬರುವುದೇ ಇಲ್ಲ.

ಆದರೆ ಗ್ರಂಥದ ಸತ್ತ್ವವಿರುವುದು ಬೇರೆಡೆ. ಸಮುದಾಯವು ಹೊರಗಿನವರಿಂದ ಪಡೆಯುವ ರಕ್ಷಣೆ ನ್ಯಾಯವಾದುದು, ತನ್ನವರ ಮೇಲೆಯೇ ಹೇರುವ ನಿರ್ಬಂಧ ನ್ಯಾಯವಲ್ಲ ಎಂಬ ವಿವೇಚನೆಯದು. ಎಂಟನೆಯ ಅಧ್ಯಾಯದಲ್ಲಿ ಚರ್ಚಿಸಿರುವ ಹಟರೈಟರ ಮೊಕದ್ದಮೆಯನ್ನು ನಮ್ಮ ಟ್ರಸ್ಟಿಗಳು ಎರಡು ಬಾರಿ ಓದಬೇಕು. ಆಸ್ತಿಯೆಲ್ಲವೂ ಸಮುದಾಯದ್ದೆಂಬ ಈ ಕ್ರೈಸ್ತ ಪಂಗಡದಿಂದ, ಮತವನ್ನು ಬದಲಿಸಿದರೆಂದು ಬಹಿಷ್ಕೃತರಾದ ಕೆಲವರು ತಮ್ಮ ದುಡಿಮೆಯ ಪಾಲನ್ನು ಕೇಳಿದರು. 1970ರಲ್ಲಿ ಕೆನಡಾದ ಸುಪ್ರೀಂ ಕೋರ್ಟು ಅದನ್ನು ನಿರಾಕರಿಸಿತು. ನ್ಯಾಯಮೂರ್ತಿ ಪಿಜಾನ್ ಮಾತ್ರ ಭಿನ್ನಮತವಿತ್ತರು: ಬರಿಗೈಯಲ್ಲಿ ಹೊರಡಬೇಕಾದವನಿಗೆ ಮತವನ್ನು ಬದಲಿಸುವ ಸ್ವಾತಂತ್ರ್ಯ ಉಳಿಯುವುದೆಲ್ಲಿ ಎಂಬುದು ಅವರ ವಾದದ ತಿರುಳು. ಗ್ರಂಥದ ಒಲವು ಈ ಭಿನ್ನಮತಕ್ಕೇ ಹತ್ತಿರ.

ನಮ್ಮಲ್ಲಿ ಅಂಥ ಆಸ್ತಿಪದ್ಧತಿ ಇಲ್ಲ. ಆದರೂ ಲೆಕ್ಕಪತ್ರ ಕೇಳಿದ ಶ್ರಾವಕನಿಗೆ, ಆಡಳಿತ ಮಂಡಳಿಯಲ್ಲಿ ಸ್ಥಾನ ಕೇಳಿದ ಶ್ರಾವಿಕೆಗೆ, ‘ಇದು ಸಮಾಜದ ಒಳಗಿನ ವಿಷಯ, ಸುಮ್ಮನಿರಿ’ ಎಂಬ ಉತ್ತರ ದೊರೆತುದನ್ನು ಕೇಳದವರು ನಮ್ಮಲ್ಲಿ ವಿರಳ. ಸಂವಿಧಾನದ 29 ಮತ್ತು 30ನೆಯ ವಿಧಿಗಳ ರಕ್ಷಣೆ ಸರ್ಕಾರದೆದುರು ಹಿಡಿಯುವ ಗುರಾಣಿ, ಶ್ರಾವಿಕೆಯೆದುರು ಹಿಡಿಯತಕ್ಕದ್ದಲ್ಲ.

ಇಲ್ಲಿಯೂ ಒಂದು ಆಕ್ಷೇಪ ಉಳಿಯುತ್ತದೆ. ಸಮುದಾಯದೊಳಗಿನ ನಿರ್ಬಂಧಗಳನ್ನು ಸರ್ಕಾರ ಬಲವಂತದಿಂದ ತೊಡೆಯಲು ಅವಸರಪಡಬಾರದು, ಒಳಗಿನ ಸುಧಾರಕರಿಗೆ ಬೆಂಬಲವೀಯಬೇಕು ಎಂಬತ್ತ ಲೇಖಕರ ವಾದ ಸಾಗುತ್ತದೆ. ಮಾತು ಹಿತವಾಗಿದೆ. ವಾರ್ಷಿಕ ಸಭೆಯ ಆಹ್ವಾನ ಪತ್ರಿಕೆಯೇ ತಲುಪದ ಸುಧಾರಕನು ಏನು ಮಾಡಬೇಕೆಂಬುದಕ್ಕೆ ಆ ಅಧ್ಯಾಯದಲ್ಲಿ ಸಾಕಷ್ಟು ಉತ್ತರವಿಲ್ಲ.