ಅರಮನೆಯ ಗುಂಬಜ್, ಬಸ್ ತಂಗುದಾಣದ ಗುಂಬಜ್

ಮೈಸೂರಿನ ಅಂಬಾವಿಲಾಸ ಅರಮನೆಯ ಬಗ್ಗೆ ಯಾವ ಕೈಪಿಡಿ ತೆರೆದರೂ 'ಇಂಡೋ-ಸಾರಸೆನಿಕ್ ಶೈಲಿ' ಎಂಬ ಮಾತು ಎದುರಾಗುತ್ತದೆ. ಗೈಡುಗಳು ಅದನ್ನೇ ಒಪ್ಪಿಸುತ್ತಾರೆ. ನಮ್ಮ ಜಯನಗರ, ಬನಶಂಕರಿಯ ಶಾಲೆಗಳಿಂದ ಪ್ರವಾಸ ಹೋದ ಮಕ್ಕಳು ಅದನ್ನೇ ನೋಟುಬುಕ್ಕಿನಲ್ಲಿ ಬರೆದುಕೊಂಡು ಬರುತ್ತಾರೆ. ಸಾರಸೆನ್ ಎಂದರೆ ಯಾರು ಎಂದು ಕೇಳಿ ನೋಡಿ, ಉತ್ತರ ಸಿಗುವುದು ಕಷ್ಟ. ಅದು ಮಧ್ಯಯುಗದ ಕ್ರೈಸ್ತ ಯುರೋಪು ಅರಬರಿಗೆ, ಆಮೇಲೆ ಮುಸಲ್ಮಾನರಿಗೆಲ್ಲ ಕೊಟ್ಟ ಹೆಸರು. ಮುಸಲ್ಮಾನರು ತಮಗೆ ತಾವೇ ಇಟ್ಟುಕೊಂಡದ್ದಲ್ಲ.

ಹಳೆಯ ಮರದ ಅರಮನೆ 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಬೆಂಕಿಗೆ ಆಹುತಿಯಾಯಿತು. ರಾಜ್ಯಭಾರ ನಡೆಸುತ್ತಿದ್ದ ವಾಣಿವಿಲಾಸ ಸನ್ನಿಧಾನದವರು ಹೊಸ ಅರಮನೆಯ ಹೊಣೆಯನ್ನು ಹೆನ್ರಿ ಇರ್ವಿನ್ ಎಂಬ ಬ್ರಿಟಿಷ್ ವಾಸ್ತುಶಿಲ್ಪಿಗೆ ವಹಿಸಿದರು. ಶಿಮ್ಲಾದ ವೈಸರಾಯ್ ನಿವಾಸವೂ ಈತನದೇ. 1912ರಲ್ಲಿ ಕೆಲಸ ಮುಗಿಯಿತು; ಖರ್ಚು ಸುಮಾರು 41 ಲಕ್ಷ ರೂಪಾಯಿ. ಬೂದುಬಣ್ಣದ ಕಲ್ಲಿನ ಮೇಲೆ ಕೆಂಪು ಗುಂಬಜ್‌ಗಳು, ನಡುವೆ 145 ಅಡಿ ಎತ್ತರದ ಗೋಪುರ, ನಡುಗಮಾನಿನ ಮೇಲೆ ಗಜಲಕ್ಷ್ಮಿ.

ಒಳಗೆ ಕಲ್ಯಾಣ ಮಂಟಪವಿದೆಯಲ್ಲ, ನಮಗೆ ಇಡೀ ಅರಮನೆಯಲ್ಲಿ ಅತಿ ಪ್ರಿಯವಾದ ಜಾಗ ಅದು. ಎಂಟು ಮೂಲೆಯ ಮಂಟಪ, ತಲೆಯ ಮೇಲೆ ನವಿಲುಗಳ ಬಣ್ಣದ ಗಾಜು. ಗಾಜಿಗೆ ಬಣ್ಣ ಕಟ್ಟಿ ಬೆಳಕು ಬರಮಾಡಿಕೊಳ್ಳುವ ಈ ವಿದ್ಯೆ ಅರಳಿದ್ದು ಯುರೋಪಿನ ಚರ್ಚುಗಳಲ್ಲಿ. ಮೈಸೂರಿನಲ್ಲೇ ಸಂತ ಫಿಲೋಮಿನಾ ಚರ್ಚಿನ ಕಿಟಕಿಗಳಲ್ಲಿ ಅದನ್ನು ಅದರ ತವರಿನ ರೂಪದಲ್ಲೇ ನೋಡಬಹುದು. ಅದೇ ಗಾಜು ಇಲ್ಲಿ ಮದುವೆಯ ಹಸೆಮಣೆಯ ಮೇಲೆ ಬೆಳಕು ಚೆಲ್ಲುತ್ತದೆ. ಗಾಜನ್ನು ಹೊತ್ತ ಎರಕದ ಕಬ್ಬಿಣದ ಕಂಬಗಳು ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ಬಂದವು. ಆ ಕಾರ್ಖಾನೆಯ ಹೆಸರು ಏನು ಗೊತ್ತೆ? ಸಾರಸೆನ್ ಫೌಂಡ್ರಿ! ಅದು ಮೊದಲು ಇದ್ದ ಓಣಿಯಿಂದ ಬಂದ ಹೆಸರು ಅಷ್ಟೆ. ಅರಮನೆಯಲ್ಲಿ ನಿಜವಾಗಿ 'ಸಾರಸೆನ್' ಎಂಬ ಹೆಸರು ಹೊತ್ತದ್ದು ಸ್ಕಾಟಿಷ್ ಕ್ರೈಸ್ತರ ಕಬ್ಬಿಣ ಎಂಬುದು ತಮಾಷೆಯೇ ಸರಿ.

ಹೋಲಿಕೆಗೆ ಸ್ಪೇನಿನ ಸೆವಿಲ್ಲೆಯ ಅಲ್ಕಜಾರ್ ಅರಮನೆಯನ್ನು ನೋಡಬೇಕು. 1248ರಲ್ಲಿ ಆ ಊರು ಮೂರ್‌ಗಳ ಕೈತಪ್ಪಿ ಕ್ರೈಸ್ತರ ವಶವಾಯಿತು. ನೂರು ವರ್ಷ ಕಳೆದ ಮೇಲೆ, 1364ರ ಸುಮಾರಿಗೆ, ಕ್ರೈಸ್ತ ದೊರೆ ಪೇದ್ರೊ ಅಲ್ಲಿ ಹೊಸ ಅರಮನೆ ಎಬ್ಬಿಸಲು ಗ್ರಾನಡಾದ ಮುಸ್ಲಿಂ ಕಾರೀಗರರನ್ನೂ ಕರೆಸಿಕೊಂಡ. ಅವರು ಅವನನ್ನು ಗೋಡೆಯ ಮೇಲೆ ಅರಬಿಯಲ್ಲಿ 'ಸುಲ್ತಾನ್' ಎಂದು ಕೆತ್ತಿದರು. ಮುಂಭಾಗದಲ್ಲಿ ಅಲ್ಲಾಹನ ಹೊರತು ವಿಜಯಿ ಯಾರೂ ಇಲ್ಲವೆಂಬ ಗ್ರಾನಡಾದ ಘೋಷವಾಕ್ಯವನ್ನೂ ಬರೆದರು. ದೊರೆಗೆ ಅದರಿಂದ ಮುಜುಗರವಾಗಲಿಲ್ಲ.

ಮೈಸೂರಿನ ಅರಮನೆ ಈ ಮಟ್ಟಕ್ಕೆ ಏರುವುದಿಲ್ಲ ಎಂದು ಹೇಳಲೇಬೇಕು. ಸೆವಿಲ್ಲೆಯಲ್ಲಿ ಕಾರೀಗರ ತನ್ನ ಮಾತನ್ನು ತಾನೇ ಆಡಿದ. ಇಲ್ಲಿ ಇರ್ವಿನ್ ರಾಜಸ್ಥಾನದ ಛತ್ರಿ, ಮೊಗಲರ ಕಮಾನು, ದಕ್ಷಿಣದ ದೇವತೆಯನ್ನು ಅಂಗಡಿಯಿಂದ ಸಾಮಾನು ಆರಿಸಿದಂತೆ ಆರಿಸಿಕೊಂಡ. ಹೊರಗಿನಿಂದ ನೋಡುವಾಗ ಆ ಜೋಡಣೆಯ ಹೊಲಿಗೆ ಕಾಣುತ್ತದೆ. ದರ್ಬಾರ್ ಹಾಲಿಗೆ ಹೋದರೆ ಮಾತ್ರ ಆ ದೂರು ಮರೆತುಹೋಗುತ್ತದೆ: ಕಮಾನಿನ ಹಿಂದೆ ಕಮಾನು, ಎಲ್ಲ ಒಂದೇ ಉಸಿರಿನಲ್ಲಿ. ಅಲ್ಲಿ ನಿಂತವರು ಯಾವುದು ಯಾರದು ಎಂದು ವಿಂಗಡಿಸಲು ಹೋಗುವುದಿಲ್ಲ.

ವಿಂಗಡಿಸಿದವರು ಹೊರಗೆ ಸಿಕ್ಕರು. 2022ರ ನವೆಂಬರಿನಲ್ಲಿ ಮೈಸೂರು-ಊಟಿ ರಸ್ತೆಯ ಒಂದು ಬಸ್ ತಂಗುದಾಣದ ಮೇಲಿನ ಮೂರು ಗುಂಬಜ್‌ಗಳು ಅಂದಿನ ಸಂಸದ ಪ್ರತಾಪ ಸಿಂಹ ಅವರಿಗೆ ಮಸೀದಿಯಂತೆ ಕಂಡವು; ಜೆಸಿಬಿ ತಂದು ಕೆಡವುತ್ತೇನೆಂದರು. ಅದೇ ಪಕ್ಷದ ಅಂದಿನ ಶಾಸಕ ರಾಮದಾಸ್, ಇದು ಅರಮನೆಯ ಮಾದರಿ ಎಂದರು. ಕೊನೆಗೆ ಎರಡು ಸಣ್ಣ ಗುಂಬಜ್‌ಗಳನ್ನು ತೆಗೆಸಿದರು.

ಶಾಸಕರ ಸಮರ್ಥನೆಯಲ್ಲೂ ನಮಗೊಂದು ಕೊಸರು ಉಳಿದಿದೆ. ಅರಮನೆಯದಾದ್ದರಿಂದ ಗುಂಬಜ್ ಸರಿ, ಮಸೀದಿಯದಾಗಿದ್ದರೆ ತಪ್ಪು ಎಂಬ ಅರ್ಥ ಅದರೊಳಗೆ ಅಡಗಿ ಕೂತಿಲ್ಲವೆ? ಅರಮನೆಯ ಗುಂಬಜ್ ಬಂದದ್ದಾದರೂ ಎಲ್ಲಿಂದ? ಇತ್ತ ನಮ್ಮವರಲ್ಲಿ ಕೆಲವರು ಗುಂಬಜ್ ಕಂಡಲ್ಲೆಲ್ಲ ಇದು ನಮ್ಮದೇ ಎಂದು ಬೀಗುವುದುಂಟು. ಇಸ್ತಾಂಬುಲಿನ ಹಾಗಿಯಾ ಸೋಫಿಯಾದ ಗುಂಬಜ್ ಎದ್ದದ್ದು ಆರನೆಯ ಶತಮಾನದಲ್ಲಿ, ಚರ್ಚಿನ ಮೇಲೆ, ಇಸ್ಲಾಮಿಗೂ ಮೊದಲು. ಮೂರಿಷ್ ಎಂದು ಎಲ್ಲರೂ ಕರೆಯುವ ಕುದುರೆಲಾಳದ ಕಮಾನು ಕೂಡ ಮೂರ್‌ಗಳು ಸ್ಪೇನಿಗೆ ಕಾಲಿಡುವ ಮುನ್ನವೇ ಅಲ್ಲಿನ ಚರ್ಚುಗಳಲ್ಲಿತ್ತು. ಅವರು ಅದನ್ನು ಅಲ್ಲಿ ಕಂಡು, ಮೆಚ್ಚಿ, ಕೊರ್ಡೋಬಾದ ಮಸೀದಿಯಲ್ಲಿ ನೂರಾರು ಬಾರಿ ಕಟ್ಟಿದರು.

ಅಂದಹಾಗೆ, ಬಸ್ ತಂಗುದಾಣದ ನಡುವಿನ ದೊಡ್ಡ ಗುಂಬಜ್ ಅಂದು ಉಳಿಯಿತು. ಅದಕ್ಕೆ ಕೆಂಪು ಬಣ್ಣ ಬಳಿದರು. ಅರಮನೆಯ ಗುಂಬಜ್‌ಗಳ ಬಣ್ಣವೂ ಕೆಂಪೇ.