ವೈದ್ಯನ ಮಿಥ್ಯಾಚಾರವೂ ಪುನರ್ವಿಚಾರವೂ

ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ ಒಬ್ಬ ವೈದ್ಯನೂ ಒಬ್ಬ ರೋಗಿಯೂ ನೆರೆಮನೆಯವರೆಂದು ಕಲ್ಪಿಸಿಕೊಳ್ಳಬಹುದು. ಚಿಕಿತ್ಸೆಯಲ್ಲಿ ವೃತ್ತಿಧರ್ಮಕ್ಕೆ ಲೋಪ ಬಂದಿತೆಂದು ರೋಗಿಯು ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಡುತ್ತಾನೆ. ಅಲ್ಲಿ ವೈದ್ಯನಿಗೆ ಶಿಕ್ಷೆಯಾದರೆ, ೨೦೧೯ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಅಧಿನಿಯಮದ ೩೦ನೆಯ ಪ್ರಕರಣದಂತೆ, ಅವನು ದೆಹಲಿಯ ನೀತಿ ಮತ್ತು ನೋಂದಣಿ ಮಂಡಲಿಗೂ, ಅನಂತರ ಆಯೋಗಕ್ಕೂ ಅಪೀಲು ಹೋಗಬಹುದು. ದೂರು ತಳ್ಳಿಹೋದರೆ ರೋಗಿಗೆ ಆ ಪ್ರಕರಣದಲ್ಲಿ ಅಪೀಲಿನ ಮಾತೇ ಇಲ್ಲ. ಈ ಭೇದವು ಎಲ್ಲಿಂದ ಬಂದಿತೆಂಬುದನ್ನು ಅರಿಯಲು, ಅಪರಾಧವನ್ನು ಹೆಸರಿಸುವ ಮಾತುಗಳನ್ನೇ ಪರೀಕ್ಷಿಸುವುದು ಯುಕ್ತ.

ಈ ಪರೀಕ್ಷೆಗೆ ಕನ್ನಡನಾಡಿನಲ್ಲಿಯೇ ಒಂದು ಹಳೆಯ ಆಧಾರವುಂಟು. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (೧೦೭೬–೧೧೨೬) ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದನು. ಮೂಲದ ವ್ಯವಹಾರಾಧ್ಯಾಯದಲ್ಲಿ ಮಿಥ್ಯಾಚಾರಿಯಾದ ವೈದ್ಯನಿಗೆ ದಂಡ ವಿಹಿತವಾಗಿದೆ. ‘ಮಿಥ್ಯಾ’ ಎಂಬುದನ್ನು ವ್ಯಾಖ್ಯಾನಕಾರನು ಹೀಗೆ ವಿವರಿಸುತ್ತಾನೆ: ಆಯುರ್ವೇದವನ್ನು ಅರಿಯದವನು, ತಾನು ಅರಿತವನೆಂದು ಹೇಳಿಕೊಂಡು, ಜೀವನಾರ್ಥವಾಗಿ ಚಿಕಿತ್ಸೆ ಮಾಡುವುದು. ಇಲ್ಲಿ ಅಪರಾಧವು ರೋಗಿಗೆ ಮಾಡಿದ ಕೃತ್ಯದಿಂದಲೇ ನಿರ್ಣೀತವಾಗುತ್ತದೆ. ಇತರ ವೈದ್ಯರ ಅಭಿಪ್ರಾಯದಿಂದಲ್ಲ. ಆದರೆ ಇದನ್ನು ಅತಿಯಾಗಿ ಹೊಗಳಲಾಗದು. ಪಶುವಿಗೆ ಕನಿಷ್ಠ, ಮನುಷ್ಯನಿಗೆ ಮಧ್ಯಮ, ರಾಜಪುರುಷನಿಗೆ ಉತ್ತಮ ಎಂಬ ದಂಡಕ್ರಮದಲ್ಲಿ ರೋಗಿಯ ಅಂತಸ್ತೇ ಅಳತೆಗೋಲಾಗಿದೆ.

ಇಂಗ್ಲೆಂಡಿನ ೧೮೫೮ರ ವೈದ್ಯ ಶಾಸನದ ಮಾತು ಬೇರೆ ಬಗೆಯದು. ಅದು ವೃತ್ತಿಸಂಬಂಧವಾದ ‘ಅಪಕೀರ್ತಿಕರ ನಡತೆ’ಯನ್ನು ಹೇಳಿತೇ ಹೊರತು ಲಕ್ಷಣವನ್ನು ಹೇಳಲಿಲ್ಲ. ೧೮೯೪ರಲ್ಲಿ ಆಲಿನ್ಸನ್ ಎಂಬ ವೈದ್ಯನ ವ್ಯಾಜ್ಯದಲ್ಲಿ ಅಪೀಲು ನ್ಯಾಯಸ್ಥಾನವು ಆ ಕೊರತೆಯನ್ನು ತುಂಬಿತು: ಸತ್ಕೀರ್ತಿಯೂ ಸಾಮರ್ಥ್ಯವೂ ಉಳ್ಳ ಸಹವೃತ್ತಿಯವರು ಯಾವುದನ್ನು ನಾಚಿಕೆಗೇಡೆಂದು ಎಣಿಸುವರೋ ಅದೇ ಅಪಕೀರ್ತಿಕರ. ಆಲಿನ್ಸನ್ನನ ಮೇಲಣ ಆಕ್ಷೇಪವು ಇತರ ವೈದ್ಯರನ್ನು ಹಳಿದು ತನ್ನಲ್ಲಿಗೆ ಬರಬೇಕೆಂದು ಜಾಹೀರಾತು ಕೊಟ್ಟನೆಂಬುದು. ಅಳತೆಯೂ ವೃತ್ತಿಯವರದು, ನೊಂದವರೂ ವೃತ್ತಿಯವರೇ. ಈ ಲಕ್ಷಣದಲ್ಲಿ ರೋಗಿಗೆ ಸ್ಥಾನವಿಲ್ಲ.

ಪುನರ್ವಿಚಾರದ ವಿಷಯದಲ್ಲಿಯೂ ಇದೇ ಅಂತರ ಕಾಣಬರುತ್ತದೆ. ಕುಲ, ಶ್ರೇಣಿ, ಪೂಗ, ರಾಜಾಧಿಕೃತರು ಎಂಬ ನಾಲ್ಕು ಸಭೆಗಳನ್ನು ಯಾಜ್ಞವಲ್ಕ್ಯನು ಎಣಿಸುತ್ತಾನೆ. ಶ್ರೇಣಿಯೆಂದರೆ ಒಂದೇ ಕಸುಬಿನಿಂದ ಬದುಕುವವರ ಸಂಘ. ಕೆಳಗಣ ಸಭೆಯಲ್ಲಿ ಸೋತವನು ಮೇಲಣ ಸಭೆಗೆ ಹೋಗಬಹುದೆಂದು ಮಿತಾಕ್ಷರೆಯು ಸ್ಪಷ್ಟಪಡಿಸುತ್ತದೆ. ವ್ಯವಹಾರವು ಕೆಟ್ಟದಾಗಿ ನೋಡಲ್ಪಟ್ಟಿದ್ದರೆ ಅರಸನು ಪುನಃ ನೋಡಿ, ಗೆದ್ದವನೊಡನೆ ಸಭ್ಯರನ್ನೂ ದಂಡಿಸಬೇಕೆಂಬ ವಿಧಿಯೂ ಮೂಲದಲ್ಲಿದೆ. ಮಿತಾಕ್ಷರೆಯು ಶ್ರೇಣಿಗೆ ಕೊಟ್ಟ ಉದಾಹರಣೆಗಳಲ್ಲಿ ತಾಂಬೂಲಿಕರೂ ನೇಯ್ಗೆಯವರೂ ಚರ್ಮಕಾರರೂ ಇದ್ದಾರೆ, ವೈದ್ಯರಿಲ್ಲ. ವೈದ್ಯನ ದಂಡವು ಅಲ್ಲಿ ರಾಜದಂಡವೇ. ಆದುದರಿಂದ ಇಂದಿನ ಪರಿಷತ್ತನ್ನು ಅಂದಿನ ಶ್ರೇಣಿಯೆಂದು ಸಮೀಕರಿಸುವುದು ತಪ್ಪಾದೀತು. ಆದರೂ ತತ್ತ್ವವೊಂದು ಉಳಿಯುತ್ತದೆ: ಅಪೀಲಿನ ಅಧಿಕಾರವು ಸೋತವನದು, ಅವನು ಯಾವ ಪಕ್ಷದವನೇ ಆಗಿರಲಿ.

ಈ ತತ್ತ್ವವು ಭಾರತದ ಆಧುನಿಕ ನಿಯಮಗಳಿಗೂ ಅಪರಿಚಿತವಲ್ಲ. ವೈದ್ಯರ ವೃತ್ತಿನಡತೆಯನ್ನು ಕುರಿತ ೨೦೦೨ರ ನಿಯಮಾವಳಿಗೆ ೨೦೦೪ರಲ್ಲಿ ಸೇರಿಸಿದ ತಿದ್ದುಪಡಿಯು, ರಾಜ್ಯಪರಿಷತ್ತಿನ ನಿರ್ಣಯದಿಂದ ನೊಂದ ಯಾವ ವ್ಯಕ್ತಿಯಾದರೂ ಅರವತ್ತು ದಿನಗಳೊಳಗೆ ಅಪೀಲು ಮಾಡಬಹುದೆಂದಿತು. ೨೦೨೦ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಹೊಸ ಅಧಿನಿಯಮವು ನೊಂದ ‘ವ್ಯಕ್ತಿ’ಯ ಎಡೆಯಲ್ಲಿ ನೊಂದ ‘ವೈದ್ಯ’ನನ್ನು ನಿಲ್ಲಿಸಿತು. ಒಂದು ಪದದ ವ್ಯತ್ಯಾಸದಿಂದ ಅರ್ಥಿಯು ಹೊರಗುಳಿದನು.

ಉಚ್ಚ ನ್ಯಾಯಾಲಯದ ಬಾಗಿಲು, ಸಂವಿಧಾನದ ೨೨೬ನೆಯ ಅನುಚ್ಛೇದದಂತೆ, ರೋಗಿಗೂ ತೆರೆದಿದೆಯೆಂದು ಸಮಾಧಾನ ಹೇಳಬಹುದು. ಆದರೆ ಅದು ಅಪೀಲಲ್ಲ. ವಿಚಾರಣೆಯು ಕ್ರಮವಾಗಿ ನಡೆಯಿತೆ ಎಂಬುದೇ ಅಲ್ಲಿ ಮುಖ್ಯ. ಸಾಕ್ಷ್ಯವನ್ನು ಮೊದಲಿಂದ ತೂಗುವುದು ವಿರಳ. ಕ್ರಮದ ಬೆಲೆ ಅಲ್ಪವೆಂದಲ್ಲ. ೧೯೪೩ರಲ್ಲಿ ಸ್ಪ್ಯಾಕ್‌ಮನ್ ಎಂಬ ವೈದ್ಯನ ವ್ಯಾಜ್ಯದಲ್ಲಿ, ಅವನು ತರಲಿದ್ದ ಹೊಸ ಸಾಕ್ಷ್ಯವನ್ನು ಕೇಳಲೊಪ್ಪದ ಪರಿಷತ್ತಿನ ನಿರ್ಣಯವು ಇಂಗ್ಲೆಂಡಿನ ಪ್ರಭುಸಭೆಯಲ್ಲಿ ನಿಲ್ಲಲಿಲ್ಲ. ವೈದ್ಯನ ಮಾತನ್ನು ಪೂರ್ಣವಾಗಿ ಕೇಳಬೇಕೆಂಬ ಆ ನ್ಯಾಯವು ರೋಗಿಯ ಮಾತಿಗೂ ಅನ್ವಯಿಸಬೇಕಾದುದು. ಬಡಾವಣೆಯ ಆ ಇಬ್ಬರು ನೆರೆಯವರಲ್ಲಿ ಒಬ್ಬನಿಗೆ ಮಾತ್ರ ಅಪೀಲನ್ನು ಕೊಡುವ ೩೦ನೆಯ ಪ್ರಕರಣದಲ್ಲಿ ‘ನೊಂದ ವ್ಯಕ್ತಿ’ ಎಂಬ ಹಿಂದಿನ ಪಾಠವನ್ನು ಪುನಃ ಸೇರಿಸುವುದೇ ಉಚಿತ.